ಮುಖಕ್ಕೆ ಮುಖ ಸಮನಾಗುವಷ್ಟು ಎತ್ತರ

ನಾನು ಒಂದು ಕಬ್ಬಿಣದ ಸ್ಟೂಲು. ಮುರಿದ ಸಲೈನ್ ಸ್ಟ್ಯಾಂಡುಗಳ ಕೊಳವೆಯಿಂದ ಹುಟ್ಟಿದೆ. ಸರ್ಕಾರಿ ಆಸ್ಪತ್ರೆಯ ಎದುರಿನ ವೆಲ್ಡಿಂಗ್ ಅಂಗಡಿಯಲ್ಲಿ, ಹೆಂಗಸರ ವಾರ್ಡಿನ ಹಿರಿಯ ನರ್ಸ್ ಎಸ್ತೇರಮ್ಮ ನಿಂತು ನನ್ನನ್ನು ಮಾಡಿಸಿದರು. "ಕುಂತ್ರ ನಮ್ಮ ಮುಖ ಪೇಶಂಟ್ ಮುಖಕ್ಕ ಸಮಾ ಬರಬೇಕು, ಅಷ್ಟ ಎತ್ತರ ಸಾಕು" ಎಂದಿದ್ದರು. ಹಾಗಾಗಿ ಮೇಜಿಗೆ ನಾನು ಗಿಡ್ಡ, ರೋಗಿಯ ಮಂಚಕ್ಕೆ ಮಾತ್ರ ಸರಿ.

ಎಸ್ತೇರಮ್ಮನದೊಂದು ಪದ್ಧತಿಯಿತ್ತು. ಯಾವ ನರ್ಸಾದರೂ ನನ್ನನ್ನು ರೋಗಿಯ ಪಕ್ಕಕ್ಕೆ ಎಳೆದುಕೊಂಡರೆ, ಅವಳ ಉಳಿದ ಕೆಲಸವನ್ನು ಅವರೇ ಮಾಡುತ್ತಿದ್ದರು. "ನೀ ಕುಂದ್ರು, ನಿನ್ನ ಬೆಡ್ ನಾ ನೋಡ್ತೀನಿ." ಇಷ್ಟೇ ಮಾತು. ಆ ಮಾತಿನ ಬಲದಲ್ಲಿ ಹುಡುಗಿಯರು ತಮ್ಮ ಊಟದ ಹೊತ್ತನ್ನೂ ರೋಗಿಗಳಿಗೆ ಕೊಟ್ಟದ್ದನ್ನು ನಾನು ಕೆಳಗಿನಿಂದ ಕಂಡಿದ್ದೇನೆ.

ಬಸಲಿಂಗವ್ವ ಎಂಬ ಮುದುಕಿ ಬಂದಳು. ಎರಡೂ ಕೈ ಸುಟ್ಟಿದ್ದವು. ಅದೇ ಬೆಂಕಿಯಲ್ಲಿ ಮಗಳು ತೀರಿಕೊಂಡಿದ್ದಳು. ಮುದುಕಿ ತುಟಿ ಬಿಚ್ಚಲಿಲ್ಲ, ಅನ್ನಕ್ಕೂ, ಮಾತಿಗೂ. ಹೊಸ ನರ್ಸ್ ದಾಕ್ಷಾಯಿಣಿ ಮಾತಾಡಿಸಿ ಸೋತು, ದಿನವೂ ತಟ್ಟೆ ಹಿಡಿದು ನನ್ನ ಮೇಲೆ ಸುಮ್ಮನೆ ಕೂರತೊಡಗಿದಳು. ಆ ಮೌನದಷ್ಟು ಭಾರವನ್ನು ನಾನು ಬೇರೆಂದೂ ಹೊತ್ತಿಲ್ಲ. ಒಂದು ಮಧ್ಯಾಹ್ನ ಮುದುಕಿಯೇ, "ನಿನ್ನ ಕೈ ಸೋತಿರಬೇಕು, ಹಾಕವ್ವ ಒಂದ್ ತುತ್ತು" ಎಂದು ಬಾಯಿ ತೆರೆದಳು.

ಅದೇ ಹೊತ್ತಿಗೆ ಹೊಸ ಆಡಳಿತಾಧಿಕಾರಿ ಒಳಬಂದರು. "ಡ್ಯೂಟಿನಾಗ ಕುಂದ್ರೂದಾ? ಇದನ್ನ ಎತ್ತಿ ಹೊರಗ ಹಾಕ್ರಿ."

"ಮಾಡಿಸಿದಾಕಿ ನಾನು. ನೋಟಿಸ್ ಕೊಡೂದಿದ್ರ ನನಗ ಕೊಡ್ರಿ ಸಾಹೇಬ್ರ, ಆ ಹುಡುಗಿಗಲ್ಲ" ಎಂದರು ಎಸ್ತೇರಮ್ಮ.

ಅವರಿಗೆ ನೋಟಿಸ್ ಬಂತು. ನನ್ನ ಮೇಲೆ ಕೆಂಪು ಬಣ್ಣದಲ್ಲಿ 'ನಿರುಪಯುಕ್ತ' ಎಂದು ಬರೆದು ಪಕ್ಕದ ಗುಜರಿ ಕೋಣೆಗೆ ಎಸೆದರು. ಮುದುಕಿ ಇನ್ನು ಉಣ್ಣುವಳೇ ಎಂಬುದೊಂದೇ ನನ್ನ ಚಿಂತೆ.

ಮರುದಿನ ಒಡೆದ ಕಿಟಕಿಯಿಂದ ಬಕೆಟ್ ಬೋರಲು ಹಾಕಿದ ಸದ್ದು ಕೇಳಿಸಿತು.

"ಯಾಕವ್ವ, ಸಿಂಹಾಸನ ಹೋತೇನು?" ಬಸಲಿಂಗವ್ವನ ದನಿ.

"ಹೋದ್ರ ಹೋಗ್ಲಿ ಆಯಿ, ಬಕೀಟ್ ಐತಲ್ಲ. ಬಾಯಿ ತಗಿ" ಎಂದಳು ದಾಕ್ಷಾಯಿಣಿ.

ಬೂಟಿನ ಸಪ್ಪಳ ಬಂದು ನಿಂತಿತು. ಅಧಿಕಾರಿ ಬಾಯಿ ಬಿಡುವ ಮೊದಲೇ ಎಸ್ತೇರಮ್ಮ ಹೇಳಿದರು, "ಬಕೀಟಿನ ನೋಟಿಸೂ ನನ್ನ ಹೆಸರಿಗೇ ಬರೀರಿ."

ಅವರು ನಿವೃತ್ತರಾಗಿ ವರ್ಷಗಳಾದವು. ನನ್ನ ಕಾಲುಗಳಿಗೆ ತುಕ್ಕು ಹಿಡಿದಿದೆ, ಒಂದೂ ಬಾಗಿಲ್ಲ. ಗುಜರಿ ಲಾರಿ ಬರುವುದಿದೆಯಂತೆ, ಬರಲಿ. ನನ್ನ ಮೇಲೆ ಬರೆದ ಆ ಪದವನ್ನು ನಾನು ಒಪ್ಪಿಲ್ಲ, ಒಪ್ಪುವುದೂ ಇಲ್ಲ. ಏಕೆಂದರೆ ಇವತ್ತೂ ಕಿಟಕಿಯಾಚೆ, ಈಗ ವಾರ್ಡಿನ ಹಿರಿಯಳಾಗಿರುವ ದಾಕ್ಷಾಯಿಣಿ ಯಾವಳೋ ಹೊಸ ಹುಡುಗಿಗೆ ಹೇಳುತ್ತಿದ್ದಳು:

"ನೀ ಕುಂದ್ರು, ನಿನ್ನ ಬೆಡ್ ನಾ ನೋಡ್ತೀನಿ."

ಹಿಂದೆಯೇ ಬಕೆಟ್ ಬೋರಲಾದ ಸದ್ದು.