ಹದಿನೆಂಟು ವರ್ಷ, ಹನ್ನೊಂದು ದಿನ

ಫೌಂಡ್ರಿಯ ಕೆಲಸ ಮುಗಿಸಿ ಸಂಜೆ ಮನೆಗೆ ಬಂದಾಗ ಮಗಳು ಮಾಯಾಳ ಕಾಲೇಜು ಚೀಲ ಹೊಸ್ತಿಲ ಹೊರಗಿತ್ತು. ತೆರೆದು ನೋಡಿದೆ. ಪುಸ್ತಕಗಳಿರಲಿಲ್ಲ; ಒಂದು ಜೊತೆ ಬಟ್ಟೆ, ಒಂದು ಟವೆಲ್ಲು. ತುಂಬಿದವರು ಯಾರೆಂದು ಕೇಳಬೇಕಾಗಿರಲಿಲ್ಲ. ಅತ್ತೆ ಭರಮವ್ವ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

"ಇವತ್ತೊಂದ ರಾತ್ರಿ ಅಕಿನ್ನ ಬ್ಯಾರೆ ಕಡೆ ಮಲಗಸು," ಎಂದಳು. "ಬಾಜು ಮನಿ ಸಿದ್ದಕ್ಕಗ ಹೇಳೇನಿ."

ಅಂದು ಎರಡು ಸಾವಿರದ ಒಂದನೇ ಇಸವಿಯ ಜನವರಿ ಒಂಬತ್ತು, ಹುಣ್ಣಿಮೆ. ಮಧ್ಯರಾತ್ರಿ ದಾಟಿದ ಮೇಲೆ ಚಂದ್ರಗ್ರಹಣ, ಅದೂ ಪೂರ್ತಿ ಹಿಡಿಯುವಂಥದ್ದು. ನನ್ನ ಮೈದುನನ ಹೆಂಡತಿ ಲಕ್ಷ್ಮೀ ಐದು ತಿಂಗಳ ಬಸುರಿ. ಬೆಳಗಾವಿಯ ಡಾಕ್ಟರಿಗೆ ತೋರಿಸಲೆಂದು ಅತ್ತೆ ಅವಳನ್ನು ಖಾನಾಪುರದ ಕಡೆಯ ನಮ್ಮ ಊರು ಬೀಡಿಯಿಂದ ಕರೆತಂದು, ಅನಗೋಳದ ನಮ್ಮ ಎರಡು ಖೋಲಿಯ ಬಾಡಿಗೆ ಮನೆಯಲ್ಲಿ ವಾರದಿಂದ ಠಿಕಾಣಿ ಹೂಡಿದ್ದಳು. ಒಳಖೋಲಿಯ ಕಿಟಕಿಗೆ ಆಗಲೇ ಕಂಬಳಿ ಬಡಿದಾಗಿತ್ತು. ಗ್ರಹಣ ಬಿಟ್ಟ ಮೇಲೆ ಬಸುರಿ ಹೊರಗೆ ಬಂದಾಗ ಅವಳ ಕಣ್ಣಿಗೆ ಮೊದಲು ನನ್ನ ಮಗಳ ಮುಖ ಬೀಳಬಾರದು. ವಿಷಯ ಇಷ್ಟೇ.

ಮಾಯಾಳ ಮೇಲ್ದುಟಿ ಹುಟ್ಟುವಾಗಲೇ ಸೀಳಿತ್ತು. ಎರಡು ಸಲ ಹೊಲಿಸಿದ್ದೇವೆ. ಮೂಗಿನ ಕೆಳಗೆ ಗೆರೆ ಉಳಿದಿದೆ. ನಿಂಗವ್ವ ಬಸುರಿದ್ದಾಗ ಗ್ರಹಣದಲ್ಲಿ ಈಳಿಗೆ ಹಿಡಿದಿದ್ದಳು ಎಂದು ಇಡೀ ಬೀಡಿಗೆ ಗೊತ್ತು. ನಿಂಗವ್ವ ಎಂದರೆ ನಾನು. ಊರಿಗೆಲ್ಲ ಹೇಳಿದವಳು ಅತ್ತೆ.

ಈ ಸಲ ಅವಳ ಕೈಗೆ ಕೋಲು ಕೊಟ್ಟವಳು ಮಾಯಾಳೇ. ಪಿಯುಸಿ ಎರಡನೇ ವರ್ಷ, ವಿಜ್ಞಾನ. ಮೂರು ದಿನದ ಹಿಂದೆ ನೋಟಬುಕ್ಕು ಹಿಡಿದು ಅಜ್ಜಿಯ ಮುಂದೆ ಕೂತಿದ್ದಳು.

"ಆಯೀ, ಗ್ರಹಣಕ್ಕ ಒಂದ ಪಾಳಿ ಇರತೈತಿ. ಹದಿನೆಂಟ ವರ್ಷ ಹನ್ನೊಂದ ದಿನಕ್ಕ ಅಂಥಾದ್ದ ತಿರಿಗಿ ಬರತೈತಿ. ನೀ ಯಾವಾಗಲೂ ಅಂತೀಯಲ್ಲ, ಎಂಬತ್ತೆರಡನೇ ಇಸ್ವಿ ಡಿಸೆಂಬರ್ ಮೂವತ್ತರದು? ಅದರ ಪಾಳೀದ ಇದು. ಬರೇ ಲೆಕ್ಕ. ಯಾರ ತುಟಿಗೂ ಇದಕ್ಕೂ ಸಂಬಂಧ ಇಲ್ಲ."

ಅತ್ತೆ ಮೊದಲರ್ಧ ಮಾತ್ರ ಕೇಳಿಸಿಕೊಂಡಳು. "ಅಂದ್ರ ನಿನ್ನ ಹಿಡದಿದ್ದ ಗ್ರಹಣನ ತಿರಿಗಿ ಬರಾಕತ್ತೈತಿ," ಎಂದಳು. ಅಂದಿನಿಂದ ಲಕ್ಷ್ಮೀ ನನ್ನ ಮಗಳು ಬಡಿಸಿದ ತಾಟು ಮುಟ್ಟಲಿಲ್ಲ.

ಎಂಟಕ್ಕೆ ನನ್ನ ಗಂಡ ಸಿದರಾಯ ಬಂದ. ಚೀಲ ನೋಡಿದ, ಅವ್ವನ್ನ ನೋಡಿದ. "ಒಂದ ರಾತ್ರಿ ತಾನ? ಹೋಗಿ ಬಾ ಮಾಯಾ. ಯಾಕ ಸುಮ್ಮ ಜಗಳ."

"ನಾ ಹೋಗೂದಿಲ್ಲಪ್ಪ. ಗ್ರಹಣ ಹಿಡಿಯೂ ವ್ಯಾಳೆ, ಬಿಡೂ ವ್ಯಾಳೆ ಬರಕೊಂಡ ಬರ್ರಿ ಅಂತ ಸರ್ ಹೇಳ್ಯಾರ. ಮಾಳಿಗಿ ಮ್ಯಾಲ ಇರತೀನಿ."

"ಹೆತ್ತಾಕಿದ ಬುದ್ಧಿ," ಎಂದಳು ಅತ್ತೆ. "ಅಕಿ ಗ್ರಹಣಕ್ಕ ಅಂಜಲಿಲ್ಲ. ಅಕಿ ಹೊಟ್ಟ್ಯಾಗ ಗ್ರಹಣನ ಹುಟ್ಟೇತಿ."

ನಾನು ರೊಟ್ಟಿ ಬಡಿಯುತ್ತಿದ್ದೆ. ಹಿಟ್ಟಿನ ಕೈಯಲ್ಲೇ ಎದ್ದು ಬಂದೆ.

"ಅವತ್ತ ನನ್ನ ಕೈಯಾಗ ಈಳಗಿ ಯಾರ ಕೊಟ್ರು, ನಿಮ್ಮ ಮಗನ ಮುಂದ ಹೇಳ್ರಿ ಅತ್ತಿ. ಗ್ರಹಣ ಹಗಲಾಗ ಹಿಡಿತೈತಿ, ಚಂದ್ರ ಹುಟ್ಟೂದರಾಗ ಬಿಟ್ಟಿರತೈತಿ, ನಮಗ ಹತ್ತೂದಿಲ್ಲ ಅಂದ್ರಿ. ಬುಟ್ಟಿ ಬದನಿಕಾಯಿ ನನ್ನ ಮುಂದ ಸುರುವಿದ್ರಿ. ಅರ್ಧಾ ಹೆಚ್ಚಿದ್ದೆ, ಕಡದ ಚಂದ್ರ ಬಣವಿ ಮ್ಯಾಲ ಬಂತು. ನನ್ನ ಮಗಳ ತುಟಿ ಸೀಳಿದವರು ನೀವು."

"ಕೊಟ್ಟೆ," ಎಂದಳು ಅತ್ತೆ. ದನಿ ಇಳಿಯಲಿಲ್ಲ. "ಒಲ್ಲೆ ಅನ್ನಾಕ ನಿನಗ ಬಾಯಿ ಇರಲಿಲ್ಲೇನು?"

ಆದರೆ ಸಿದರಾಯ ಮೊದಲ ಸಲ ತನ್ನ ತಾಯಿಯನ್ನು ಬೇರೆ ಕಣ್ಣಿನಿಂದ ನೋಡುತ್ತಿದ್ದ. ಗೆದ್ದೆ ಅನ್ನಿಸಿತು. ತಿರುಗಿದರೆ ಮಾಯಾ ನನ್ನನ್ನೇ ನೋಡುತ್ತಿದ್ದಳು.

"ಅಂದ್ರ ನೀನೂ ನಂಬತೀ ಏನವ್ವ? ಹೆಚ್ಚಿದ್ದಕ್ಕ ನಾ ಹಿಂಗಾದೆ ಅಂತ?"

ಇದಕ್ಕೇ ಇಷ್ಟು ವರ್ಷ ಬಾಯಿ ಬಿಗಿಹಿಡಿದಿದ್ದೆ. ಮೊದಲ ಸಲ ಹೊಲಿಗೆ ಹಾಕಿದ ಡಾಕ್ಟರು ಹೇಳಿದ್ದರು, ತುಟಿ ಕೂಡುವುದು ಎರಡನೇ ಮೂರನೇ ತಿಂಗಳಲ್ಲಿ ಎಂದು. ಆ ಸಂಜೆ ನನಗೆ ಏಳು ತಿಂಗಳು ತುಂಬಿತ್ತು. ಈಳಿಗೆ ಕೊಟ್ಟವರು ಯಾರು ಎಂದು ಕೇಳಿದ ಕೂಡಲೇ ತಪ್ಪು ಈಳಿಗೆಯದೇ ಎಂದು ಒಪ್ಪಿದ ಹಾಗೆ. ಗೊತ್ತಿದ್ದೂ ಕೇಳಿದ್ದೆ.

"ಹಂಗಲ್ಲ ಮಾಯಾ," ಎಂದೆ. ಅವಳು ನೋಟಬುಕ್ಕು ತೆಗೆದುಕೊಂಡು ಮಾಳಿಗೆ ಹತ್ತಿದಳು.

ಒಂದು ಗಂಟೆಗೆ ಶಾಲು ಒಯ್ದೆ. ತೆಗೆದುಕೊಳ್ಳಲಿಲ್ಲ. ಒಂದೂ ಇಪ್ಪತ್ತಕ್ಕೆ ಚಂದ್ರ ಪೂರ್ತಿ ಮುಚ್ಚಿ, ಹುಳಿ ಹಾಕಿ ತಿಕ್ಕದ ತಾಮ್ರದ ತಂಬಿಗೆಯ ಬಣ್ಣಕ್ಕೆ ತಿರುಗಿತು. ಅವಳು ವೇಳೆ ಬರೆದಳು.

"ಮುಂದಿಂದು ಯಾವಾಗ?" ಏನಾದರೂ ಮಾತಾಡಲಿ ಎಂದು ಕೇಳಿದೆ.

"ಈ ಪಾಳೀದು? ಎರಡು ಸಾವಿರದ ಹತ್ತೊಂಬತ್ತಕ್ಕ. ಆಗ ಇಲ್ಲಿ ಹಗಲ, ಕಾಣೂದಿಲ್ಲ. ಅದರ ಮುಂದಿಂದು ಮೂವತ್ತೇಳಕ್ಕ, ಅದು ಕಾಣತೈತಿ. ನನಗ ಐವತ್ಮೂರು ವರ್ಷ ಆಗಿರತಾವು." ಪೆನ್ನಿನ ಮುಚ್ಚಳ ಹಾಕಿದಳು. "ಅಷ್ಟೊತ್ತಿಗೆ ಆಯಿ ಇರೂದಿಲ್ಲ. ನೀ ಇದ್ರ, ಬದನಿಕಾಯಿದು ನೀನ ಹೇಳಬೇಕು."

ಮೂರೂವರೆಗೆ ಗ್ರಹಣ ಬಿಟ್ಟಿತು. ಬಿಟ್ಟ ಮೇಲೆ ಬಸುರಿಗೆ ಮೊದಲು ಜಳಕ. ಒಳಖೋಲಿಯ ಬಾಗಿಲು ತೆರೆಯಿತು. ಅತ್ತೆ ಲಕ್ಷ್ಮಿಯ ಎರಡೂ ಕಣ್ಣಿಗೆ ಅಂಗೈ ಮುಚ್ಚಿ, ಹಿಂದಿನಿಂದ ದೂಡಿಕೊಂಡು ಬಂದಳು. ಬಚ್ಚಲಿನ ಬಾಗಿಲಲ್ಲಿ ಬಿಸಿನೀರಿನ ಕೊಡ ಹಿಡಿದು ಮಾಯಾ ನಿಂತಿದ್ದಳು.

"ಕಾಕಿ, ನೀರ ಕಾದಾವು."

"ಅಕಿನ್ನ ಆ ಕಡೆ ಸರಸು," ಎಂದಳು ಅತ್ತೆ, ನನಗೆ.

ನಾನು ಹೊಸ್ತಿಲ ಹೊರಗಿನ ಚೀಲ ಒಳಗೆ ತಂದೆ. ಮಗಳ ಬಟ್ಟೆ ತೆಗೆದು ಗೂಟಕ್ಕೆ ಹಾಕಿ, ಹಗ್ಗದ ಮೇಲಿದ್ದ ಅತ್ತೆಯ ಎರಡು ಸೀರೆ ಅದರೊಳಗೆ ತುಂಬಿದೆ.

"ಬೆಳಗಾತಂದ್ರ ಖಾನಾಪುರದ ಬಸ್ಸ ಐತ್ರಿ ಅತ್ತಿ. ಲಕ್ಷ್ಮಿನ್ನ ಡಾಕ್ಟರ್ ಕಡೆ ನಾ ಕರಕೊಂಡ ಹೋಗತೀನಿ. ಈ ಮನ್ಯಾಗ ಇರೂದಾದ್ರ ಅಕಿ ಕಣ್ಣ ತೆರದ ಇರಲಿ."

ಸಿದರಾಯ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ನಿದ್ದೆ ಮಾತ್ರ ಬಂದಿರಲಿಲ್ಲ. ಅತ್ತೆ ಕೈ ತೆಗೆದಳು. ಲಕ್ಷ್ಮೀ ಕಣ್ಣು ಬಿಡಲಿಲ್ಲ. ಬಿಗಿಯಾಗಿ ಮುಚ್ಚಿಕೊಂಡೇ ಗೋಡೆ ತಡವುತ್ತ, ಮಾಯಾಳ ಮೈಗೆ ಸೋಕದಂತೆ ಬಚ್ಚಲಿಗೆ ಹೋಗಿ ಅಗಳಿ ಹಾಕಿಕೊಂಡಳು.

ಮಾಯಾ ಕೊಡವನ್ನು ಬಾಗಿಲ ಹೊರಗೇ ಇಳಿಸಿದಳು.

"ಅವ್ವ, ಅದು ನನ್ನ ಚೀಲ," ಎಂದಳು. ನನ್ನ ಕಡೆ ನೋಡಲಿಲ್ಲ. "ಸೀರಿ ಬ್ಯಾರೆದರಾಗ ತುಂಬು. ನನಗ ಎಂಟಕ್ಕ ಕಾಲೇಜ ಐತಿ."