ಟೈಲರ್ ಹೊಲಿದ ಒಲೆ

ಬೀದಿಯವರೆಲ್ಲ ಅವಳನ್ನು ಟೈಲರಮ್ಮ ಎನ್ನುತ್ತಿದ್ದರು. ಸೂಜಿಗೆ ದಾರ ಪೋಣಿಸಲೂ ಬಾರದವಳಿಗೆ ಸಿಕ್ಕಿದ ಪುಕ್ಕಟೆ ಬಿರುದು ಅದು. ಹೊಲಿಯುವವನು ಅವಳ ಗಂಡ. ದೀಪದ ಕಂಬದ ಹಾಗೆ ಉದ್ದಕ್ಕೆ ಬೆಳೆದ ಆಸಾಮಿ. ಇವಳು ಅವನ ಭುಜದ ಮಟ್ಟಕ್ಕೂ ಬರುತ್ತಿರಲಿಲ್ಲ.

ಒಂದು ಭಾನುವಾರ ಅವನು ಹಳೆಯ ಸ್ಟೀಲ್ ಸಿಂಕೊಂದನ್ನು ಹೊತ್ತು ತಂದು ಅಂಗಳದಲ್ಲಿ ಇಳಿಸಿದ.

"ಪಕ್ಕದ ಬೀದೀಲಿ ಮನೆ ಒಡೀತಿದಾರೆ. ಇದು ಸುಮ್ನೆ ಬಿದ್ದಿತ್ತು."

"ಸುಮ್ನೆ ಬಿದ್ದಿರೋಕೆ ನಮ್ಮನೇಲಿ ಜಾಗ ಇಲ್ಲ."

"ಬಿದ್ದಿರಲ್ಲ ಕಣೇ, ನಿಂತಿರತ್ತೆ! ನಾಲ್ಕು ಕಾಲು ಹಾಕ್ತೀನಿ. ಒಳಗೆ ಕೆಂಡ, ಮೇಲೆ ಕಂಬಿ. ಕೆರೆಗೆ ಹೋಗುವಾಗ ಬಿಚ್ಚಿ ವ್ಯಾನಿಗೆ ಹಾಕಿದ್ರೆ ಆಯ್ತು."

ಕೆರೆ ಎಂದದ್ದೇ ಟೈಲರಮ್ಮನ ಮುಖ ಸಪ್ಪಗಾಯಿತು. ಪ್ರತಿ ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಊರಾಚೆಯ ಕೆರೆಗೆ ಹೋಗುವುದು ರೂಢಿ. ಎಲ್ಲರೂ ನೀರಿಗೆ ಬೀಳುತ್ತಿದ್ದರು. ಇವಳು ಮೂರು ಕಲ್ಲು ಹೂಡಿ, ಸೊಂಟ ಬಗ್ಗಿಸಿ, ಒಲೆ ಊದುತ್ತ ಕೂರುತ್ತಿದ್ದಳು. ತವರಿನ ಕಾಲುವೆಯನ್ನು ಒಂದೇ ಉಸಿರಿಗೆ ಮುಳುಗಿ ದಾಟುತ್ತಿದ್ದ ಹುಡುಗಿ ಅವಳು! ಮದುವೆಯಾದ ಮೇಲೆ ಕೆರೆಗೂ ಅವಳಿಗೂ ಪಾತ್ರೆ ತೊಳೆಯುವಷ್ಟೇ ನಂಟು. ಇಳಿಯಬೇಡ ಎಂದು ಯಾರೂ ಅಂದಿರಲಿಲ್ಲ. ಬಾ ಎಂದವರೂ ಇರಲಿಲ್ಲ.

ಈ ವರ್ಷ ಮಾತ್ರ ಅವಳು ಗಟ್ಟಿ ಮನಸ್ಸು ಮಾಡಿದ್ದಳು. ಒಲೆಯ ರಗಳೆಯೇ ಬೇಡ, ಬ್ರೆಡ್ಡು ಹಣ್ಣು ಕಟ್ಟಿಕೊಂಡು ಹೋಗೋಣ ಎನ್ನಬೇಕು, ತಾನೂ ನೀರಿಗಿಳಿಯಬೇಕು. ಈಗ ನೋಡಿದರೆ ಅಡುಗೆಮನೆಗೇ ಕಾಲು ಬಂದು ಅವಳ ಬೆನ್ನು ಹತ್ತಲು ಹೊರಟಿತ್ತು. ಹೇಳಿಬಿಡೋಣ ಎಂದು ಬಾಯಿ ತೆರೆದಳು. ಸಿಂಕನ್ನು ಸವರುತ್ತ ಹಿಗ್ಗುತ್ತಿದ್ದ ಗಂಡನನ್ನು ನೋಡಿ ಮುಚ್ಚಿಕೊಂಡಳು. ಆ ಮುಖ ಕಂಡರೆ ಅವಳಿಗೆ ಮೊದಲಿಂದಲೂ ಸೋಲು.

ಕೆಲಸ ಶುರುವಾಯಿತು. ಅವಳ ತಮ್ಮ ವೆಲ್ಡರ್. ಸುದ್ದಿ ಸಿಕ್ಕಿದ್ದೇ ತಮಾಷೆ ನೋಡಲು ಓಡಿ ಬಂದ. ಭಾವ ನ್ಯೂಸ್‌ಪೇಪರಿನಲ್ಲಿ ಅಳತೆ ಕತ್ತರಿಸಿಕೊಂಡು, ತಗಡಿನ ಮೇಲೆ ಇಟ್ಟು, ಬಟ್ಟೆಗೆ ಗೆರೆ ಹಾಕುವ ಸೀಮೆಸುಣ್ಣದಲ್ಲಿ ಗುರುತು ಮಾಡುತ್ತಿದ್ದ.

"ಭಾವ, ಒಲೆಗೆ ಜೇಬು ಇಡ್ತೀರೋ ಹೇಗೆ?"

"ನಗು, ನಗು. ಈ ಫ್ರಿಜ್ಜಿನ ಕಂಬಿ ಮೇಲಿಟ್ರೆ ಹೇಗೆ?"

"ಅಯ್ಯೋ, ಅದು ಬೇಡ! ಮೇಲಿನ ಲೇಪ ಸುಟ್ರೆ ವಿಷದ ಹೊಗೆ. ಹಳೆ ಕಿಟಕಿ ಸರಳು ಕೊಡ್ತೀನಿ, ಬಣ್ಣ ಪೂರ್ತಿ ಕೆರೆದು ಹಾಕಿ. ಕಾಲಿಗೆ ನಾನೇ ವೆಲ್ಡಿಂಗ್ ಮಾಡ್ಲಾ?"

"ಬೇಡಪ್ಪ. ಬೋಲ್ಟು ಹಾಕ್ತೀನಿ. ಅಂಗಿ ಗುಂಡಿ ಥರ ಬಿಚ್ಚೋಕೆ ಬರ್ಬೇಕು."

ಗಾಳಿ ತಡೆಯಲು ಮೂರು ಕಡೆ ತಗಡು ಬಂತು. ಅದರ ಅಂಚನ್ನೆಲ್ಲ ಟೈಲರ್ ಇಕ್ಕಳದಲ್ಲಿ ಒಳಕ್ಕೆ ಮಡಿಸಿ, ಸೆರಗಿನ ಅಂಚಿನಷ್ಟು ನುಣ್ಣಗೆ ಮಾಡಿದ. ಯಾರ ಕೈಯೂ ಕೊಯ್ಯಬಾರದಲ್ಲ! ವೆಲ್ಡರ್ ಅಂಚನ್ನು ಬೆರಳಿನಿಂದ ಸವರಿ ನೋಡಿ ತಲೆದೂಗಿದ. ಮುರಿದ ಮಂಚದ ಕೊಳವೆಗಳೇ ಕಾಲಾದವು.

"ಕಾಲು ಉದ್ದ ಆಯ್ತು ಭಾವ. ಅಕ್ಕನ ಎತ್ತರಕ್ಕೆ ಒಂದು ಗೇಣು ಕತ್ತರಿಸ್ಲಾ?"

"ಮುಟ್ಬೇಡ. ಅಳತೆ ಸರಿಯಾಗಿದೆ."

ಒಳಗೆ ಈರುಳ್ಳಿ ಹೆಚ್ಚುತ್ತಿದ್ದ ಟೈಲರಮ್ಮನಿಗೆ ಅದು ಕೇಳಿಸಿತು. ಸೊಂಟ ಬಗ್ಗುವುದು ತಪ್ಪಿದರೂ ಇನ್ನು ತುದಿಗಾಲಲ್ಲಿ ನಿಲ್ಲಬೇಕು ಎಂದು ಹಲ್ಲು ಕಡಿದಳು.

ಕೆರೆಯ ದಡದಲ್ಲಿ ಒಲೆ ನಿಂತಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ತಟ್ಟಿ ಸೀದಾ ನೀರಿಗೆ ಓಡಿದರು. ಕೆಂಡ ನಿಗಿನಿಗಿ ಹೊಳೆಯಿತು. ಜೋಳದ ತೆನೆ, ಮೀನು, ಇಕ್ಕಳ ಹಿಡಿದು ಟೈಲರಮ್ಮ ಒಲೆಯ ಮುಂದೆ ನಿಂತಳು. ಕಂಬಿ ಅವಳ ಎದೆಮಟ್ಟಕ್ಕಿತ್ತು, ಹೊಗೆ ನೇರ ಕಣ್ಣಿಗೆ. ಇಷ್ಟು ದಿನ ನುಂಗಿಕೊಂಡದ್ದೆಲ್ಲ ಒಟ್ಟಿಗೆ ಹೊರಬಿತ್ತು.

"ರೀ! ಇಷ್ಟು ವರ್ಷ ಟೇಪು ಹಿಡೀದೆ ನನ್ನ ಬಟ್ಟೆ ಹೊಲಿದೋರು ನೀವು. ಒಲೆ ಮಾಡುವಾಗ ನನ್ನ ಎತ್ತರ ಮರೆತೇ ಹೋಯ್ತಾ?"

ಟೈಲರ್ ಅವಳ ಕೈಯಿಂದ ಇಕ್ಕಳ ಕಿತ್ತುಕೊಂಡ.

"ನಿನ್ನ ಎತ್ತರ ಇದಕ್ಯಾಕೆ? ಬೇಯಿಸೋನು ನಾನು. ಇದು ನನ್ನ ಅಳತೇದು. ನಿನ್ನದು ಬೇರೆ ಇದೆ."

ಚೀಲದಿಂದ ಒಂದು ಪೊಟ್ಟಣ ತೆಗೆದು ಅವಳ ಕೈಗಿಟ್ಟ. ಬಿಚ್ಚಿದರೆ ಗಾಢ ನೀಲಿಯ ಅರೆತೋಳಿನ ಅಂಗಿ, ಮೊಣಕಾಲು ದಾಟುವ ಚಡ್ಡಿ. ಬೇಗ ಒಣಗುವ ಬಟ್ಟೆ, ಸೊಂಟಕ್ಕೆ ಬಿಗಿಯಾಗಿ ಕಟ್ಟುವ ಲಾಡಿ. ಈಜುವವರ ಉಡುಪು.

"ನಿಮಗ್ಯಾರು ಹೇಳಿದ್ರು?" ಎಂದಳು.

"ಯಾರೂ ಇಲ್ಲ. ದಡದಲ್ಲೇ ತೊಳೀಬಹುದಾದ ಪಾತ್ರೇನ ನೀನು ಮೊಣಕಾಲು ನೀರಿಗೆ ಇಳಿದು ತೊಳೀತಿದ್ದೆ. ಪ್ರತಿ ವರ್ಷ. ಯಾಕೆ ಅಂತ ಹೋದ ಸಲ ತಲೆಗೆ ಹೊಳೀತು. ದಡ್ಡ ನಾನು."

"ದಡ್ಡರೇ," ಎಂದಳು. ಅವಳಿಗೆ ಎಷ್ಟು ಸಂತೋಷವಾಗಿತ್ತೆಂದರೆ, ಅವನನ್ನು ಅಲ್ಲೇ ತಬ್ಬಿಕೊಳ್ಳಬೇಕೆನ್ನಿಸಿತು. ಕೈಯಲ್ಲಿ ಕಾದ ಇಕ್ಕಳ ಹಿಡಿದಿದ್ದನೆಂದು ಬಿಟ್ಟಳು.

ವ್ಯಾನಿನ ಹಿಂದೆ ಹೋಗಿ ಬಟ್ಟೆ ಬದಲಾಯಿಸಿ ಬಂದಳು. ಎಲ್ಲೂ ಒಂದು ಎಳೆ ಹೆಚ್ಚಿಲ್ಲ, ಕಡಿಮೆ ಇಲ್ಲ. ನೀರು ಮೊಣಕಾಲಿಗೆ ಬಂತು, ಅಲ್ಲಿ ಅವಳು ನಿಲ್ಲಲಿಲ್ಲ. ಸೊಂಟ, ಎದೆ, ಆಮೇಲೆ ಕಾಲಡಿಯ ನೆಲವೇ ಬಿಟ್ಟುಹೋಯಿತು. ಮೈ ಏನನ್ನೂ ಮರೆತಿರಲಿಲ್ಲ. "ಅಕ್ಕಾ, ನಿಧಾನ!" ಎಂದು ಕೂಗುತ್ತಿದ್ದ ತಮ್ಮನನ್ನು ಹಿಂದೆ ಹಾಕಿ ಕೆರೆಯ ನಡುವಿನ ತನಕ ಹೋದಳು, ಹೋಗಿ ತಿರುಗಿ ನೋಡಿದಳು.

ದಡದಲ್ಲಿ ಟೈಲರ್ ಬೆನ್ನು ನೆಟ್ಟಗೆ ನಿಲ್ಲಿಸಿಕೊಂಡು ಮೀನು ಮಗುಚುತ್ತಿದ್ದ. ಒಂದು ತೆನೆ ಆಗಲೇ ಕರಕಲಾಗಿ ಹೊಗೆಯಾಡುತ್ತಿತ್ತು.

"ಏನೇ! ಉಪ್ಪು ಎಷ್ಟು ಹಾಕ್ಲೀ?"

ನೀರಿನ ಮೇಲೆ ಅವನ ದನಿ ಸ್ಪಷ್ಟವಾಗಿ ತೇಲಿ ಬಂತು. ಟೈಲರಮ್ಮ ಉಸಿರು ತುಂಬಿಕೊಂಡು ನೀರೊಳಗೆ ಮುಳುಗಿದಳು.