ಗೌರಾಮಿಯ ಎಡಮಗ್ಗುಲು

ಗೌರಾಮಿ ತಿರುಗುವುದನ್ನು ನಿಲ್ಲಿಸಿ ಐದು ತಿಂಗಳಾಗಿತ್ತು.

ನನ್ನ ಗಂಡ ಮಲ್ಲಿನಾಥ ಆ ಮೀನನ್ನು ಉಡುಪಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ತಂದಾಗ ಹೆಬ್ಬೆರಳಿನಷ್ಟಿತ್ತು. ತಂದ ವಾರದಲ್ಲೇ, ನೀರು ಬದಲಿಸುವಾಗ, ಅವನ ಅಂಗೈಯಿಂದ ಜಾರಿ ನೆಲಕ್ಕೆ ಬಿತ್ತು. ಎಡಮಗ್ಗುಲಿನ ಎರಡು ಹುರುಪೆ ಕಿತ್ತುಹೋದವು. ಅವತ್ತು ಅವನು ಊಟ ಮಾಡಲಿಲ್ಲ. ಮುಂದಿನ ಮಳೆಗಾಲದಲ್ಲಿ ಇಲಿಜ್ವರ ಬಂದು, ಮಣಿಪಾಲದಲ್ಲಿ ಒಂಬತ್ತು ದಿನ ಇದ್ದು, ಹೋಗಿಬಿಟ್ಟ. ಮೀನು ಬೆಳೆಯುತ್ತಲೇ ಇತ್ತು.

ನಮ್ಮೂರು ಗದಗದ ಕಡೆ. ವಾಪಸು ಬಾ ಎಂದು ಎಲ್ಲರೂ ಕರೆದರು. ನಾನು ಕಾಪುವಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತ, ಕಟಪಾಡಿಯಲ್ಲಿ ಆಮಿನಮ್ಮನವರ ಬಾಡಿಗೆ ಮನೆಯಲ್ಲೇ ಉಳಿದೆ.

2003ರ ಬೇಸಿಗೆಗೆ ಮೀನು ಹದಿನಾಲ್ಕು ಅಂಗುಲವಾಗಿತ್ತು. ಗಾಜಿನ ಪೆಟ್ಟಿಗೆ ಒಂದೂವರೆ ಅಡಿ ಉದ್ದ, ಮುಕ್ಕಾಲು ಅಡಿ ಅಗಲ. ಮೀನು ನಾಲ್ಕು ಬೆರಳು ಮುಂದೆ ಹೋಗುತ್ತಿತ್ತು, ಹಾಗೆಯೇ ಹಿಂದಕ್ಕೆ ಬರುತ್ತಿತ್ತು. ಪೆಟ್ಟಿಗೆಯ ಹಿಂಬದಿಗೆ ಮಲ್ಲಿನಾಥ ನೀಲಿ ಬಣ್ಣ ಬಳಿದಿದ್ದ. ಹಾಗಾಗಿ ನನಗೆ ಕಾಣುತ್ತಿದ್ದುದು ಬಲಮಗ್ಗುಲು, ಬಲಗಣ್ಣು ಮಾತ್ರ. ಗಾಜಿಗೆ ಉಜ್ಜಿ ಉಜ್ಜಿ ಬಾಲ ಹರಿದು, ಅಲ್ಲಿ ಹತ್ತಿಯಂಥ ಬಿಳಿ ಬೂಷ್ಟು ಹಿಡಿಯತೊಡಗಿತು.

ಆಮಿನಮ್ಮ ದಿನವೂ ಅದಕ್ಕೆ ಬಸಳೆ ಎಲೆ ತಂದು ಹಾಕುವವರು. “ಇದು ಸಾಯ್ತದೆ ಟೀಚರೇ,” ಅಂದರು. “ಬಾವಿಗೆ ಬಿಡಿ. ಬಾವಿಯಲ್ಲಿ ಬದುಕ್ತದೆ.”

“ಬಾವಿಯಲ್ಲಿ ಕಾಣುವುದಿಲ್ಲ.”

ಅವರು ನನ್ನ ಮುಖ ನೋಡಿದರು. ಮತ್ತೆ ಬಾವಿಯ ಮಾತೆತ್ತಲಿಲ್ಲ. “ಹಾಗಾದ್ರೆ ನಮ್ಮ ಜಮಾಲನ ಹತ್ರ ಎಂತಾದ್ರೂ ಉಂಟಾ ಕೇಳುವ.”

ಜಮಾಲ್ ಅವರ ಮಗ. ಹೆದ್ದಾರಿ ಬದಿಯಲ್ಲಿ ಅವನದು ಗುಜರಿ ಅಂಗಡಿ. ಮರುದಿನ ಆಟೋದಲ್ಲಿ ಗೋಣಿ ಸುತ್ತಿ ತಂದದ್ದು ಅಂಬಾಸಿಡರ್ ಕಾರಿನ ಮುಂಗಾಜು, ಸುತ್ತಲಿನ ಕಪ್ಪು ರಬ್ಬರಿನ ಸಮೇತ. ವೈಪರ್ ಉಜ್ಜಿ ಮೂಡಿದ ಎರಡು ಅರ್ಧಚಂದ್ರ ಗೀರುಗಳು ಅದರ ಮೇಲಿದ್ದವು.

“ಎಂತ ಟೀಚರೇ, ಕಾರು ತಗೊಂಡ್ರಾ?” ಆಮಿನಮ್ಮ ನಕ್ಕರು. “ಗ್ಲಾಸು ಬಂತು. ಉಳಿದದ್ದು ಯಾವಾಗ ಬರ್ತದೆ?”

ಪಕ್ಕದಲ್ಲಿ ಮನೆ ಕಟ್ಟುತ್ತಿದ್ದ ಗೌಂಡಿ ಬಾಲಪ್ಪ ಬಾಗಲಕೋಟೆಯವನು. ಭಾನುವಾರ ಕರಣೆ ಹಿಡಿದು ಬಂದ.

“ಮೀನಿಗೆ ಮನಿ ಕಟ್ಟೀನಿ ಅಂದ್ರ ನಮ್ಮೂರಾಗ ನಗತಾರ್ರಿ ಅಕ್ಕಾರ. ವಾಸ್ತು ನೋಡೂದು ಬ್ಯಾಡೇನು?”

“ಬಾಗಲಾನ ಇಲ್ಲದ ಮನಿಗೆ ಎಂಥಾ ವಾಸ್ತು ಬಾಲಪ್ಪ,” ಅಂದೆ. ಬಹಳ ದಿನಗಳ ಮೇಲೆ ನಮ್ಮ ಕಡೆಯ ಮಾತು ಬಾಯಿಗೆ ಬಂದಿತ್ತು.

ಜಗಲಿಯ ಮೇಲೆ ಕೆಂಪುಕಲ್ಲಿನ ತುಂಡುಗಳಿಂದ ಮೂರು ಗೋಡೆ, ಒಳಗೆಲ್ಲ ಸಿಮೆಂಟು, ಎದುರಿಗೆ ಗಾಜು. ಗಾಜಿನ ಉಬ್ಬು ಹೊರಗೋ ಒಳಗೋ ಎಂದು ಬಾಲಪ್ಪ ಕೇಳಿದ. ನನಗೆ ಗೊತ್ತಿರಲಿಲ್ಲ. “ಹೊರಗ ಇರಲಿ. ಅದಕ್ಕಷ್ಟು ಜಾಗಾ ಆಗತೈತಿ,” ಎಂದು ಅವನೇ ತೀರ್ಮಾನಿಸಿದ. ಮೊದಲ ಸಲ ನೀರು ತುಂಬಿದಾಗ ಕೆಳಗಿನಿಂದ ಸೋರಿತು. ಜಮಾಲ್ ಬಸ್ಸಿಗೆ ಗಾಜು ಕೂರಿಸುವವರ ಬಳಿಯಿಂದ ಸಿಲಿಕೋನ್ ತಂದು ರಬ್ಬರಿನ ಅಂಚಿಗೆಲ್ಲ ತುಂಬಿದ. ಸೋರುವುದು ನಿಂತಿತು.

ಕಾಲೇಜಿನಿಂದ ತಂದ ಕೆಂಪು ಲಿಟ್ಮಸ್ ಕಾಗದವನ್ನು ಆ ನೀರಿಗೆ ಅದ್ದಿದೆ. ಕೂಡಲೇ ನೀಲಿಯಾಯಿತು. ಹೊಸ ಸಿಮೆಂಟಿನ ಸುಣ್ಣ. ನೀರು ಬದಲಿಸಿದೆ. ಹುಣಸೆಹುಳಿ ಕಿವುಚಿ ಹಾಕಿದೆ. ಸಂಜೆ ಸರಿಯಾಗಿದ್ದದ್ದು ಬೆಳಿಗ್ಗೆ ಮತ್ತೆ ನೀಲಿ. ನಾಲ್ಕು ದಿನ ಹೀಗೇ ಆಯಿತು. ಈ ನೀರಿಗೆ ಬಿಟ್ಟರೆ ಕಿವಿರು ಸುಟ್ಟು ಮೀನು ಸಾಯುತ್ತದೆ ಎಂಬಷ್ಟು ನಾನು ಓದಿದ ರಸಾಯನಶಾಸ್ತ್ರಕ್ಕೆ ಗೊತ್ತಿತ್ತು. ಮುಂದೇನು ಎಂದು ಗೊತ್ತಿರಲಿಲ್ಲ.

“ಬಾಳೆದಿಂಡು ಹಾಕಿ,” ಅಂದರು ಆಮಿನಮ್ಮ. “ನಮ್ಮ ಮಸೀದಿಯಲ್ಲಿ ಕೈಕಾಲು ತೊಳೆಯುವ ಕೊಳ ಹೊಸತಾಗಿ ಕಟ್ಟಿದ್ರಲ್ಲ, ಅದಕ್ಕೆ ಬಿಟ್ಟ ಮೀನೆಲ್ಲ ಸತ್ತದ್ದು. ಮತ್ತೆ ನನ್ನ ತಂದೆ ಬಾಳೆದಿಂಡು ಕಡಿದು ಹಾಕಿಸಿದ್ರು. ಹದಿನೈದು ದಿವಸ. ಈಗ ಎಷ್ಟು ಮೀನು ಉಂಟು ಗೊತ್ತುಂಟಾ?”

“ಹದಿನೈದು ದಿನ ಈ ಮೀನು ತಡೆಯುತ್ತದಾ?”

“ಅದು ನನಗೆ ಗೊತ್ತಿಲ್ಲ ಟೀಚರೇ. ಸಿಮೆಂಟಿನದ್ದು ಮಾತ್ರ ಗೊತ್ತು.”

ಹಿತ್ತಲಿನ ಎರಡು ಬಾಳೆಗಿಡಗಳನ್ನು ಅವರೇ ಕಡಿಸಿಕೊಟ್ಟರು. ದಿಂಡು ಕೊಳೆತು ನೀರು ಕಂದಾಯಿತು, ನಾರತೊಡಗಿತು. “ಮೀನಿನ ಮನೀನೋ ಗಟಾರೋ?” ಎಂದು ಬಾಲಪ್ಪ ದಿನಾ ಮೂಗು ಮುಚ್ಚಿಕೊಂಡು ಕೇಳಿಹೋಗುತ್ತಿದ್ದ. ಬಾಲದ ಬೂಷ್ಟು ಹಬ್ಬದಿರಲೆಂದು ನಾನು ಹಳೆಯ ಪೆಟ್ಟಿಗೆಗೆ ಚಿಟಿಕೆ ಚಿಟಿಕೆ ಉಪ್ಪು ಹಾಕುತ್ತ ಕಾದೆ. ಗೌರಾಮಿ ಮೇಲೆ ಬಂದು ಗಾಳಿ ನುಂಗುವ ಮೀನು. ಆಗ ಗುಳುಕ್ ಎಂದು ಸಣ್ಣ ಸದ್ದಾಗುತ್ತದೆ. ಬೆಳಿಗ್ಗೆ ಎಚ್ಚರವಾದ ಕೂಡಲೇ ಕಣ್ಣು ತೆರೆಯದೆ ಆ ಸದ್ದಿಗೆ ಕಿವಿಗೊಟ್ಟು ಮಲಗಿರುತ್ತಿದ್ದೆ. ಹನ್ನೆರಡನೆಯ ದಿನ ಅದು ಬಸಳೆ ಮುಟ್ಟಲಿಲ್ಲ. ಹದಿಮೂರನೆಯ ದಿನವೂ.

ಹದಿನಾರನೆಯ ದಿನ ದಿಂಡು ತೆಗೆದು, ಉಜ್ಜಿ ತೊಳೆದು, ಬಾವಿಯ ನೀರು ತುಂಬಿದೆವು. ಕೆಂಪು ಕಾಗದ ಕೆಂಪಾಗಿಯೇ ಉಳಿಯಿತು. ಮರುದಿನ ಬೆಳಿಗ್ಗೆಯೂ ಕೆಂಪೇ. ಕಾಗದವನ್ನು ಬಹಳ ಹೊತ್ತು ಹಿಡಿದುಕೊಂಡಿದ್ದೆ.

ಮೀನನ್ನು ಒದ್ದೆ ಟವಲಿನಲ್ಲಿ ಸುತ್ತಿ ಎತ್ತಿ, ಆಮಿನಮ್ಮನ ಬಿರಿಯಾನಿ ಹಂಡೆಯಲ್ಲಿಟ್ಟು ಜಗಲಿಗೆ ತಂದೆವು. “ಈ ಹಂಡೆಗೆ ಬಿದ್ದದ್ದು ಯಾವುದೂ ಜೀವ ಇಟ್ಟುಕೊಂಡು ಹೊರಗೆ ಬಂದದ್ದಿಲ್ಲ,” ಅಂದರು. “ಇದೇ ಮೊದಲು.”

ಬಿಟ್ಟೆವು. ಅದು ಬಿಟ್ಟಲ್ಲೇ, ಎಂದಿನಂತೆ ಬಲಮಗ್ಗುಲನ್ನೇ ಗಾಜಿಗೆ ಕೊಟ್ಟು ನಿಂತಿತು. ನಂತರ ನಾಲ್ಕು ಬೆರಳು ಮುಂದೆ, ನಾಲ್ಕು ಬೆರಳು ಹಿಂದೆ. ಸುತ್ತ ನಾಲ್ಕಡಿ ನೀರಿತ್ತು.

ಬಾಲಪ್ಪ ಕುಕ್ಕರುಗಾಲಿನಲ್ಲಿ ಕೂತು ನೋಡಿದ. “ಗ್ವಾಡಿ ಇಲ್ಲ ಅನ್ನೂದು ಅದಕ್ಕ ಇನ್ನೂ ತಿಳಿದಿಲ್ಲರಿ,” ಎಂದು ಕೆಲಸಕ್ಕೆ ಹೋದ. ಆಮಿನಮ್ಮ ಒಲೆ ನೋಡಲು ಒಳಗೆ ಹೋದರು. ನಾನು ಕೂತೇ ಇದ್ದೆ. ನಾಲ್ಕು ಬೆರಳು ಮುಂದೆ, ನಾಲ್ಕು ಬೆರಳು ಹಿಂದೆ.

ಒಂದು ಬಸಳೆ ಎಲೆ ತಂದು, ಅದರ ಬಾಲದ ಹಿಂದೆ, ಒಂದು ಮೊಳ ದೂರದಲ್ಲಿ ಹಾಕಿದೆ. ಮೀನು ಹಿಂದಕ್ಕೆ ಸರಿಯಿತು. ಬಾಲಕ್ಕೆ ಏನೂ ತಾಗಲಿಲ್ಲ. ಇನ್ನಷ್ಟು ಸರಿಯಿತು. ತಾಗಲಿಲ್ಲ. ನಿಂತಿತು.

ಆಮೇಲೆ ಬಾಗಿತು. ಮೊದಲು ತಲೆ, ಹಿಂದೆಯೇ ಇಡೀ ಮೈ, ನಿಧಾನಕ್ಕೆ, ಮರೆತದ್ದನ್ನು ನೆನಪಿಸಿಕೊಳ್ಳುವಂತೆ. ಗಾಜಿನ ಉಬ್ಬಿನ ಹತ್ತಿರ ಬರುತ್ತ ಬರುತ್ತ ಅದು ದೊಡ್ಡದಾಯಿತು. ವೈಪರಿನ ಗೀರುಗಳಲ್ಲಿ ಬಿಸಿಲು ಹೊಳೆಯುತ್ತಿತ್ತು. ಅವುಗಳ ಹಿಂದೆ ನಾನು ಐದು ತಿಂಗಳಿಂದ ನೋಡದಿದ್ದ ಎಡಗಣ್ಣು ಬಂತು, ನನ್ನನ್ನು ನೋಡುತ್ತ ದಾಟಿತು. ಆಮೇಲೆ ಒಂದರ ಪಕ್ಕ ಒಂದು ಹುರುಪೆ, ಕಂಚಿನ ಬಣ್ಣ, ಅಂಚಿಗೆ ಕಪ್ಪು, ಅಳೆದಿಟ್ಟಂತೆ ಸಾಲು ಸಾಲು.

ಒಂದು ಕಡೆ ಮಾತ್ರ ಸಾಲು ತಪ್ಪಿತ್ತು. ಅಲ್ಲಿ ಎರಡು ಹುರುಪೆ ಸೊಟ್ಟಗೆ ಹುಟ್ಟಿದ್ದವು. ಮೀನಿನ ಜೊತೆಗೇ ಬೆಳೆದಿದ್ದವು. ಅವನ ಅಂಗೈಯಿಂದ ಜಾರಿಬಿದ್ದ ದಿನದ ಆ ಗುರುತೊಂದೇ ಈಗ ನನ್ನ ಹೆಬ್ಬೆರಳಿನಷ್ಟಿತ್ತು, ಅಂದಿನ ಇಡೀ ಮೀನಿನಷ್ಟು.

“ಆಮಿನಮ್ಮ! ಬನ್ನಿ ಇಲ್ಲಿ!”

ಅಷ್ಟು ದೊಡ್ಡ ದನಿ ನನ್ನದೆಂದು ತಿಳಿಯಲು ನನಗೇ ಗಳಿಗೆ ಹಿಡಿಯಿತು. ಅವರು ಸೌಟು ಹಿಡಿದುಕೊಂಡೇ ಓಡಿಬಂದರು. ಪಕ್ಕದ ಗೋಡೆಯ ಮೇಲಿನಿಂದ ಬಾಲಪ್ಪನೂ ಇಣುಕಿದ.

“ಎಂತಾಯ್ತು ಟೀಚರೇ, ಸತ್ತಿತಾ?”

ಮೀನು ಎಲೆಯನ್ನು ಕಚ್ಚಿಕೊಂಡು ಮತ್ತೊಮ್ಮೆ ತಿರುಗುತ್ತಿತ್ತು.

“ಇಲ್ಲ,” ಅಂದೆ. “ಎಡಗಡೆ ನೋಡಿ.”